ಹದಿನೇಳು ಒಂದುಗಳ ಬೇಲಿ

ನಮ್ಮ ಲೆಕ್ಕದ ಟೀಚರ ಮೂಗಿನ ತುದಿ ಯಾವಾಗಲೂ ಬೆಳ್ಳಗಿರುತ್ತಿತ್ತು. ಪೌಡರ್ ಅಲ್ಲ, ಚಾಕ್‌ಪೀಸಿನ ಹುಡಿ. ದಪ್ಪ ಕನ್ನಡಕ ಹಾಕಿದರೂ ಅವರಿಗೆ ಒಂದು ಗೇಣಿನಾಚೆ ಎಲ್ಲವೂ ಮಂಜು. ಹಾಗಾಗಿ ಬೋರ್ಡಿಗೆ ಮುಖ ತಾಗಿಸಿಯೇ ಬರೆಯುವುದು. ಬರೆದದ್ದನ್ನು ಓದಿಕೊಂಡು ಎಡದಿಂದ ಬಲಕ್ಕೆ ಹೋಗುವಷ್ಟರಲ್ಲಿ ಒಂದೆರಡು ಅಂಕೆ ಮೂಗಿಗೇ ಅಂಟಿ ಬರುತ್ತಿತ್ತು. "ಟೀಚರ್, ಐದನ್ನು ನಿಮ್ಮ ಮೂಗು ತಿಂದಿತು" ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಬೊಬ್ಬೆ ಹಾಕಬೇಕು, ಅವರು ತಿರುಗದೆಯೇ, "ತಿನ್ನಲಿ ಬಿಡಿ, ಅದಕ್ಕೂ ಹೊಟ್ಟೆ ಉಂಟು" ಎಂದು ಹೇಳಿ ಐದನ್ನು ಪುನಃ ಬರೆಯಬೇಕು. ಆ ಮೂಗನ್ನು ನೋಡಿ ನಗದ ದಿನ ನಮಗೆ ಶಾಲೆಗೆ ಹೋದ ಹಾಗೇ ಆಗುತ್ತಿರಲಿಲ್ಲ.

ನಾನು ಈಗ ಮುಳ್ಳೇರಿಯದಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದೇನೆ. ಲೆಕ್ಕದಲ್ಲಿ ನಾನೇನು ಭಾರೀ ಜಾಣೆಯಲ್ಲ, ಪಾಸಾದದ್ದೇ ದೊಡ್ಡದು. ಆದರೂ ಜಗತ್ತಿನಲ್ಲಿ ಕಣ್ಣಿಗೆ ಕಾಣದ ಒಂದು ಕಟ್ಟುನಿಟ್ಟು ಉಂಟು, ಅದು ಯಾರ ಮುಲಾಜಿಗೂ ಬಗ್ಗುವುದಿಲ್ಲ ಎಂದು ನನಗೆ ತೋರಿಸಿಕೊಟ್ಟವರು ಇವರು. ಗುಡಿಯ ಎದುರು ಕೈ ಮುಗಿಯುವಾಗ ಆಗಬೇಕಾದ ಅನುಭವ ನನಗೆ ಒಂಬತ್ತನೇ ಕ್ಲಾಸಿನಲ್ಲಿ ಶಾಲೆಯ ಅಂಗಳದಲ್ಲಿ ಆಯಿತು ಎಂದರೆ ನನ್ನ ಅತ್ತೆ ಈಗಲೂ ಬೈಯುತ್ತಾರೆ.

ಆ ದಿನ ಟೀಚರ್ ಬೋರ್ಡಿನ ಮೇಲೆ 11111 ಎಂದು ಬರೆದು, "ಇದು ಐದು ಗೂಟದ ಬೇಲಿ. ಎಲ್ಲಿ ಕಂಡಿ ಉಂಟು ಹೇಳಿ, ನುಗ್ಗುವ" ಎಂದರು. ಯಾವುದರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ ಎಂದು ಕೇಳುವ ರೀತಿ ಅದು. ಎರಡು, ಮೂರು, ಐದು, ಏಳು ಎಂದು ನಾವು ನುಗ್ಗಿ ನುಗ್ಗಿ ಮಂಡೆ ಬಡಿಸಿಕೊಂಡೆವು. ಕೊನೆಗೆ ಯಾರೋ ನಲವತ್ತೊಂದಕ್ಕೆ ಬಂದು ಮುಟ್ಟಿದರು. 41 ಗುಣಿಸು 271. ಶೇಷ ಇಲ್ಲ. ನಾವೆಲ್ಲ ಪುಸ್ತಕ ಮುಚ್ಚಿಡಲು ಹೊರಟರೆ ಟೀಚರ್, "ಈಗ ಅಲ್ವಾ ಶುರು, ಎಲ್ಲರೂ ಅಂಗಳಕ್ಕೆ ನಡೀರಿ" ಎಂದು ಬಿಟ್ಟರು.

ಒಂದರಿಂದ ನಲವತ್ತರವರೆಗೆ ಪ್ರತಿಯೊಬ್ಬರಿಗೂ ಒಂದೊಂದು ಸಂಖ್ಯೆ ಕೊಟ್ಟರು. ಕ್ಲಾಸಿನಲ್ಲಿ ನಾವು ಮೂವತ್ತೆಂಟು ಮಂದಿ. ಇಬ್ಬರು ಕಡಿಮೆ ಬಿದ್ದದ್ದಕ್ಕೆ ಗಂಜಿ ಬೇಯಿಸುವ ಅಕ್ಕನನ್ನು ಕರೆದು ನಲವತ್ತು ಮಾಡಿದರು, ಆಫೀಸಿನಿಂದ ಹೆಡ್‌ಮಾಸ್ಟ್ರನ್ನು ಎಳೆದು ತಂದು ಹದಿಮೂರು ಮಾಡಿದರು. "ಎಂತ ಟೀಚರ್ ಇದು, ಕೋಲಾಟವಾ?" ಎಂದು ಅವರು ಗೊಣಗುತ್ತಲೇ ನಿಂತರು. ನಾನು ಏಳು.

"ನಿಮ್ಮ ನಿಮ್ಮ ಸಂಖ್ಯೆಯನ್ನು ಹತ್ತರಿಂದ ಗುಣಿಸಿ. ನಲವತ್ತೊಂದಕ್ಕಿಂತ ಜಾಸ್ತಿ ಆದರೆ ನಲವತ್ತೊಂದು ನಲವತ್ತೊಂದಾಗಿ ಕಳೀತಾ ಬನ್ನಿ. ಉಳಿದದ್ದು ಯಾರ ಸಂಖ್ಯೆಯೋ ಹೋಗಿ ಅವರ ಕೈ ಹಿಡ್ಕೊಳ್ಳಿ."

ನನ್ನದು ಎಪ್ಪತ್ತು, ನಲವತ್ತೊಂದು ಕಳೆದರೆ ಇಪ್ಪತ್ತೊಂಬತ್ತು. ಇಪ್ಪತ್ತೊಂಬತ್ತು ನನ್ನ ಜೀವದ ಗೆಳತಿ, ಓಡಿ ಹೋಗಿ ಹಿಡಿದೆ. ಅಷ್ಟರಲ್ಲಿ ಹೆಡ್‌ಮಾಸ್ಟ್ರು ನೂರ ಮೂವತ್ತರಲ್ಲಿ ನೂರ ಇಪ್ಪತ್ತಮೂರು ಕಳೆದು, "ಏಳು ಯಾರು? ಏಳು?" ಎಂದು ಹುಡುಕುತ್ತ ಬಂದು ನನ್ನ ಇನ್ನೊಂದು ಕೈ ಹಿಡಿದರು. ನನಗೆ ಹೆದರಿಕೆಯಲ್ಲಿ ನಗೆಯೂ ಬರಲಿಲ್ಲ. ಐದು ನಿಮಿಷ ಅಂಗಳವೆಲ್ಲ ಸಂತೆ. ಆಮೇಲೆ ಧೂಳು ಕುಳಿತಾಗ ನೋಡಿದರೆ ನಾವೆಲ್ಲ ವೃತ್ತವಾಗಿ ನಿಂತಿದ್ದೇವೆ! ಎಂಟು ವೃತ್ತ. ಪ್ರತಿಯೊಂದರಲ್ಲೂ ಐದೇ ಮಂದಿ. ನಾಲ್ಕು ಮಂದಿಯದ್ದೊಂದಿಲ್ಲ, ಆರು ಮಂದಿಯದ್ದೊಂದಿಲ್ಲ, ಒಂಟಿಯಾಗಿ ಉಳಿದವರು ಯಾರೂ ಇಲ್ಲ.

ಹೆಡ್‌ಮಾಸ್ಟ್ರು ನನ್ನ ಕೈ ಬಿಡುವುದನ್ನೇ ಮರೆತಿದ್ದರು.

"ನಾನು ಹೇಳಿಕೊಟ್ಟೆನಾ ನಿಮಗೆ ಐದೈದು ಜನ ನಿಲ್ಲಿ ಅಂತ?" ಟೀಚರ್ ಕೇಳಿದರು. "ಐದು ಒಂದುಗಳ ಬೇಲಿಯಲ್ಲಿ ನಲವತ್ತೊಂದಕ್ಕೆ ಕಂಡಿ ಉಂಟು. ಅದಕ್ಕೇ ಐದೈದು. ನಲವತ್ತು ಜನ ಐದೈದಾಗಿ ನಿಂತರೆ ಯಾರೂ ಉಳಿಯುವುದಿಲ್ಲ, ಹಾಗಾಗಿ ನಲವತ್ತೊಂದರಲ್ಲಿ ಒಂದು ಕಳೆದರೆ ಐದರಿಂದ ಭಾಗ ಹೋಗಲೇಬೇಕು. ಇದನ್ನು ಯಾರೂ ಮಾಡಿಟ್ಟದ್ದಲ್ಲ. ನಾವು ಹುಟ್ಟುವ ಮೊದಲೂ ಹೀಗೇ ಇತ್ತು. ದೇವರೇ ಬಂದು ಆರಾರು ಜನ ನಿಲ್ಲಿ ಅಂದರೂ ಆಗುವುದಿಲ್ಲ."

ಅಂಗಳದ ಗೇರುಮರ, ಗಂಜಿಯ ಹೊಗೆ, ಅತ್ತ ರಸ್ತೆಯಲ್ಲಿ ಹೋಗುವ ಬಸ್ಸು ಎಲ್ಲ ನಿನ್ನೆಯ ಹಾಗೇ ಇದ್ದವು. ಅವುಗಳ ಒಳಗೆ ಎಲ್ಲೋ ಇಂಥದ್ದೊಂದು ಯಾರಿಗೂ ಹೇಳದೆ ಕೂತಿದೆಯಲ್ಲ ಎಂದು ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಒಂದುಗಳ ಬೇಲಿ ಎಂದರೆ ಟೀಚರಿಗೆ ಹುಚ್ಚು. ಏಳು ಒಂದುಗಳ ಬೇಲಿಯನ್ನು ನಮಗೆ ಮನೆಕೆಲಸಕ್ಕೆ ಕೊಟ್ಟು 239ರಿಂದ ಒಡೆಸಿದರು. ಹನ್ನೊಂದು ಒಂದುಗಳನ್ನು ಅವರೇ ಎರಡು ಬೇಸಗೆ ರಜೆಯಲ್ಲಿ ಕೂತು ಒಡೆದರು, 21,649 ಸಿಕ್ಕಿತು. ಹದಿಮೂರಕ್ಕೆ ವರ್ಷಗಟ್ಟಲೆ ಹಿಡಿಯಬಹುದು ಎಂದು ಸೊಂಟ ಕಟ್ಟಿ ಕೂತರೆ ಅದು 53ಕ್ಕೇ ಬಿದ್ದುಹೋಯಿತು, ಎದುರಿಗಿದ್ದ ಚಾ ಆರಿರಲಿಲ್ಲವಂತೆ. "ಹದಿಮೂರು ಗೂಟ ನೆಟ್ಟವನು ಶುದ್ಧ ಸೋಮಾರಿ" ಎಂದು ಮರುದಿನ ಕ್ಲಾಸಿನಲ್ಲಿ ಬೈದರು. ಹದಿನಾಲ್ಕು, ಹದಿನೈದು, ಹದಿನಾರು ಒಂದುಗಳು ಸಣ್ಣ ಬೇಲಿಗಳಿಂದಲೇ ಒಡೆಯುತ್ತವೆ, ಅವಕ್ಕೆ ಲೆಕ್ಕವೇ ಬೇಡ; ಉಳಿದದ್ದು ಹದಿನೇಳು.

ಹದಿನೇಳು ಒಂದು ಎಂದರೆ ನೂರ ಹನ್ನೊಂದು ಕೋಟಿ ಕೋಟಿ ದಾಟಿದ ಸಂಖ್ಯೆ. ಅದನ್ನು ಭಾಗಿಸುವ ಅವಿಭಾಜ್ಯ ಸಂಖ್ಯೆ ಇದ್ದರೆ ಅದರಿಂದ ಒಂದು ಕಳೆದಾಗ ಹದಿನೇಳರಿಂದ ಭಾಗ ಹೋಗಬೇಕು, ಬೆಸಸಂಖ್ಯೆಯಾದ್ದರಿಂದ ಎರಡರಿಂದಲೂ ಹೋಗಬೇಕು. ಎಂದರೆ ಮೂವತ್ತನಾಲ್ಕರ ಮಗ್ಗಿಗೆ ಒಂದು ಸೇರಿಸುತ್ತ ಹೋದರೆ ದಾರಿಯಲ್ಲಿ ಎಲ್ಲೋ ಅದು ಸಿಗಬೇಕು. ಇದ್ದರೆ. ಇಲ್ಲದಿದ್ದರೆ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಹತ್ತೂವರೆ ಕೋಟಿಯವರೆಗೆ ನೋಡಬೇಕು.

ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಟೀಚರ್ ಇದನ್ನೇ ಭಾಷಣ ಮಾಡಿದರು. "ಹತ್ತೂವರೆ ಕೋಟಿಗೆ ನನ್ನ ಆಯುಸ್ಸು ಸಾಲುವುದಿಲ್ಲ. ಅದು ಒಡೆಯುವುದೇ ಇಲ್ಲ ಅಂತಾದರೆ ನನಗೆ ಗೊತ್ತಾಗದೇ ನಾನು ಸಾಯ್ತೇನೆ. ಒಡೆಯುವುದಾದರೆ, ಅದೂ ಹತ್ತಿರದಲ್ಲಿ ಒಡೆಯುವುದಾದರೆ, ನಾನು ನೋಡಿಯೇ ಸಾಯ್ತೇನೆ. ಕಂಪ್ಯೂಟರಿಗೆ ಒಂದು ಕ್ಷಣದ ಕೆಲಸ ಅಂತ ನನಗೂ ಗೊತ್ತುಂಟು. ಯಾರೂ ನೋಡಬೇಡಿ, ನೋಡಿದರೂ ನನ್ನ ಹತ್ತಿರ ಬಂದು ಹೇಳಬೇಡಿ. ಇನ್ನೊಬ್ಬರು ಕಂಡುಹಿಡಿದ ಉತ್ತರ ಎಂಜಲು." ನಾವು ಹಳೆಯ ವಿದ್ಯಾರ್ಥಿಗಳೆಲ್ಲ ಎದ್ದು ನಿಂತು ಹೇಳುವುದಿಲ್ಲ ಎಂದೆವು.

ಶಾಲೆಯಲ್ಲಿ ಮೂಲೆಗೆ ಬಿದ್ದಿದ್ದ ಒಂದು ಹಳೆಯ ಬೋರ್ಡನ್ನು ಅವರು ಕೇಳಿ ಪಡೆದು ಬೆಳ್ಳೂರಿನ ಮನೆಯ ಚಾವಡಿಯಲ್ಲಿ ನಿಲ್ಲಿಸಿಕೊಂಡರು. ಅವರ ಗಂಡ ಸರಕಾರಿ ಬಸ್ಸಿನಲ್ಲಿ ಡ್ರೈವರ್ ಆಗಿದ್ದವರು, ಊರಿಗೆಲ್ಲ ಡ್ರೈವರಣ್ಣ. ಹೆಂಡತಿಯನ್ನು ಅವರೂ ಟೀಚರ್ ಎಂದೇ ಕರೆಯುವುದು. ಈ ಕೆಲಸದಲ್ಲಿ ಅವರಿಗೊಂದು ಹುದ್ದೆ ಸಿಕ್ಕಿತು: ಮೂವತ್ತನಾಲ್ಕು ಕೂಡಿಸುವುದು. ಬೋರ್ಡಿನ ಬಲಮೂಲೆಯಲ್ಲಿ, ಶಾಲೆಯಲ್ಲಿ ತಾರೀಕು ಬರೆಯುವ ಜಾಗದಲ್ಲಿ, ನೋಡಬೇಕಾದ ಸಂಖ್ಯೆಯನ್ನು ಬರೆಯುವುದು ಅವರೇ. ಐದರಲ್ಲಿ ಮುಗಿಯುವುದನ್ನು ಬಿಡಬೇಕು, ಅಂಕೆಗಳನ್ನು ಕೂಡಿಸಿದಾಗ ಮೂರರ ಮಗ್ಗಿಗೆ ಬರುವುದನ್ನು ಬಿಡಬೇಕು, ಉಳಿದದ್ದನ್ನು ದೊಡ್ಡದಾಗಿ ಬರೆದು ಗಟ್ಟಿಯಾಗಿ ಓದಬೇಕು. ಏಳು, ಹನ್ನೊಂದು, ಹದಿಮೂರರಿಂದ ಹೋಗುವುದನ್ನು ಟೀಚರ್ ಬಾಯಿಲೆಕ್ಕದಲ್ಲೇ ಬದಿಗೆ ಹಾಕಿ, ಮಿಕ್ಕಿದ್ದರಿಂದ ಹದಿನೇಳು ಒಂದುಗಳನ್ನು ಭಾಗಿಸುವರು. ಶೇಷ ಬಂದಾಗ "ಇದಲ್ಲ" ಎನ್ನುವರು. ಡ್ರೈವರಣ್ಣ ಒರೆಸುವರು. ಪುನಃ ಮೂವತ್ತನಾಲ್ಕು.

"ಎಂಜಿನ್ ಟೀಚರದ್ದು, ಸ್ಟಿಯರಿಂಗ್ ಮಾತ್ರ ನನ್ನದು" ಎಂದು ಡ್ರೈವರಣ್ಣ ಬಂದವರಿಗೆಲ್ಲ ಹೇಳುವರು. ಬೇಸರ ಬಂದ ದಿನ, "ಒಟ್ರಾಶಿ ದಂಡ ಕೆಲಸ ಮಾರಾಯ್ತಿ, ಇಷ್ಟು ಚಾಕ್‌ಪೀಸಿನಲ್ಲಿ ಒಂದು ಮನೆಗೆ ಸುಣ್ಣ ಬಳಿಯಬಹುದಿತ್ತು" ಎಂದು ನನ್ನ ಹತ್ತಿರ ಪಿಸುಗುಟ್ಟುವರು. ಒಳಗಿಂದ ಟೀಚರ್, "ನನಗೆ ಕಣ್ಣು ಕಾಣುವುದಿಲ್ಲ ಅಷ್ಟೆ, ಕಿವಿ ಕೇಳ್ತದೆ" ಎನ್ನುವರು. ಹೀಗೆ ಹನ್ನೆರಡು ವರ್ಷ. ಮದುವೆ, ಭೂತಕೋಲ, ಜ್ವರ ಎಂದು ತಪ್ಪಿದ ದಿನಗಳನ್ನು ಬಿಟ್ಟರೆ ಬೆಳಗಿನ ಗಂಜಿಯಾದ ಮೇಲೆ ಬೋರ್ಡಿಗೆ ಮೂಗು ತಾಗದ ದಿನವಿಲ್ಲ. ಅಷ್ಟು ಸಲ ಇದಲ್ಲ ಎಂದರೂ ಆ ಮಾತಿನಲ್ಲಿ ಒಮ್ಮೆಯೂ ಬೇಸರ ಇದ್ದದ್ದನ್ನು ನಾನು ಕೇಳಲಿಲ್ಲ. ನಾನಾಗಿದ್ದರೆ ಒಂದು ವಾರಕ್ಕೆ ಬೋರ್ಡನ್ನು ಒಲೆಗೆ ಹಾಕುತ್ತಿದ್ದೆ.

ಅಷ್ಟರಲ್ಲಿ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಬಲಗಣ್ಣು ಪೂರ್ತಿ ಹೋಯಿತು. ಎಡಗಣ್ಣಿಗೆ ಮಂಗಳೂರಿನ ಡಾಕ್ಟರು ಹೆಚ್ಚೆಂದರೆ ಒಂದು ವರ್ಷ ಎಂದರು. ಪ್ರತಿ ಆದಿತ್ಯವಾರ ಸ್ಕೂಟರಿನಲ್ಲಿ ಇನ್ಸುಲಿನ್ ಕೊಂಡುಹೋಗುವುದು ನಾನೇ ಆದ್ದರಿಂದ ಆ ಸುದ್ದಿ ನನಗೇ ಮೊದಲು ಸಿಕ್ಕಿತು. ಬಾಯಿಗೆ ಬಂದ ಸಮಾಧಾನ ಹೇಳಲು ಹೊರಟರೆ ಟೀಚರ್ ಕೈ ಅಡ್ಡ ಹಿಡಿದು, "ಹಾಗಾದ್ರೆ ದಿನಕ್ಕೆ ಎರಡು ಜಾಸ್ತಿ ಮಾಡಬೇಕು" ಎಂದರು. ಕಣ್ಣು ಮುಚ್ಚುವ ಮೊದಲು ಬೇಲಿ ಒಡೆಯಬೇಕು. ಅವರಿಗೆ ಬೇರೆ ಏನೂ ಬೇಕಿರಲಿಲ್ಲ.

ಆ ವರ್ಷ ಏಪ್ರಿಲಿನಲ್ಲಿ ವಿಷುವಿನ ಹಿಂದಿನ ದಿನ ಈ ಕಥೆಯನ್ನು ಮನೆಯಲ್ಲಿ ಹೇಳಿ ನಾನು ಕೆಟ್ಟೆ. ನನ್ನ ಗಂಡನಿಗೆ ಫೋನು ಕೈಯಲ್ಲಿದ್ದರೆ ತಾಳ್ಮೆ ಇಲ್ಲ, ಬಾಯಿಗೆ ಬೀಗವೂ ಇಲ್ಲ. ನಾನು ಸಾರಿಗೆ ಒಗ್ಗರಣೆ ಹಾಕುವುದರೊಳಗೆ ಹದಿನೇಳು ಒಂದು ಒತ್ತಿ, "ಇದೆಂತ ದೊಡ್ಡದು? ಇಪ್ಪತ್ತು ಲಕ್ಷದ ಎಪ್ಪತ್ತೊಂದು ಸಾವಿರದ ಏಳುನೂರ ಇಪ್ಪತ್ತಮೂರು" ಎಂದು ಓದಿಯೇಬಿಟ್ಟರು. ಸೌಟು ಎತ್ತಿದೆ. ಎತ್ತಿ ಏನು ಪ್ರಯೋಜನ? ಕಿವಿಗೆ ಬಿದ್ದದ್ದನ್ನು ತೊಳೆಯಲಿಕ್ಕಾಗುತ್ತದಾ?

ಮರುದಿನ ಟೀಚರ ಮನೆಗೆ ಹೋದವಳು ಚಪ್ಪಲಿ ತೆಗೆಯುವ ಮೊದಲು ಬೋರ್ಡಿನ ಮೂಲೆ ನೋಡಿದೆ. 20,40,239. ಅಯ್ಯೋ ದೇವರೇ! ಹನ್ನೆರಡು ವರ್ಷದ ದಾರಿಯಲ್ಲಿ ಇನ್ನು ಮೂರು ತಿಂಗಳಿನದ್ದು ಮಾತ್ರ ಬಾಕಿ. ಬೇಲಿಯಲ್ಲಿ ಕಂಡಿ ಉಂಟು, ಇವರು ಅದರ ಬಾಗಿಲಿಗೆ ಬಂದಿದ್ದಾರೆ, ಕಣ್ಣೂ ಅಷ್ಟು ದಿನ ತಾಳುತ್ತದೆ. ಖುಷಿಗೆ ಏನು ಮಾಡಬೇಕೆಂದು ತಿಳಿಯದೆ ಡ್ರೈವರಣ್ಣನಿಗೆ ಹೇಳದೆ ಕೇಳದೆ ಅಂಗಳ ಗುಡಿಸಿ ಬಂದೆ. ಆಮೇಲಿನ ಒಂದೊಂದು ಆದಿತ್ಯವಾರವೂ ನನಗೆ ಹಬ್ಬ. ಬೋರ್ಡಿನ ಮೂಲೆ ಸ್ವಲ್ಪ ಸ್ವಲ್ಪವಾಗಿ ಮುಂದೆ ಹೋಗುವುದನ್ನು ನೋಡುವುದು, ತುಟಿ ಕಚ್ಚಿಕೊಂಡು ಬರುವುದು. ಜುಲೈಯಲ್ಲಿ, ಆಟಿ ತಿಂಗಳ ಮೊದಲ ಆದಿತ್ಯವಾರ, ಅಲ್ಲಿ 20,71,009 ಇತ್ತು. ನಾಳೆ, ತಪ್ಪಿದರೆ ನಾಡಿದ್ದು. ಮಳೆಯಲ್ಲಿ ಒದ್ದೆಯಾಗಿಕೊಂಡು ಹಾಡುತ್ತ ಸ್ಕೂಟರ್ ಬಿಟ್ಟೆ.

ಮಂಗಳವಾರ ಫೋನ್ ಬರಲಿಲ್ಲ. ಬುಧವಾರವೂ ಇಲ್ಲ. ಗುರುವಾರ ನನ್ನ ಅತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮಂಗಳೂರು, ಆಪರೇಷನ್, ಆಸ್ಪತ್ರೆಯ ಗಂಜಿ ಎಂದು ಎರಡು ತಿಂಗಳು ಕಳೆದದ್ದು ತಿಳಿಯಲಿಲ್ಲ. ಟೀಚರ ಇನ್ಸುಲಿನನ್ನು ರಿಕ್ಷಾದವರ ಕೈಯಲ್ಲಿ ಕಳಿಸುತ್ತಿದ್ದೆ. ಫೋನ್ ಮಾಡಿ ಕೇಳಬಹುದಿತ್ತು, ಆದರೆ ಸಿಕ್ಕಿತಾ ಎಂದು ಕೇಳಿದರೇ ಸಿಗುತ್ತದೆ ಎಂದು ಹೇಳಿದ ಹಾಗಲ್ಲವಾ? ಬಹುಶಃ ಜ್ವರ ಬಂದು ಕೆಲಸ ನಿಂತಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಚೌತಿ ಕಳೆದ ಮೇಲಿನ ಆದಿತ್ಯವಾರ ಹೋದೆ. ಚಾವಡಿ ಹತ್ತಿ ಬೋರ್ಡಿನ ಮೂಲೆ ನೋಡಿದೆ. 20,90,219.

ದಾಟಿ ಹೋಗಿದ್ದಾರೆ. ಕಂಡಿಯನ್ನು ಹಿಂದೆ ಬಿಟ್ಟು ಮುಂದೆ ಹೋಗಿದ್ದಾರೆ. ಇನ್ನು ಮುಂದೆ ಹತ್ತೂವರೆ ಕೋಟಿಯವರೆಗೂ ಏನೂ ಇಲ್ಲ ಎಂಬುದು ನನಗೆ ಗೊತ್ತು. ಬೇಲಿ ಮುರಿದು ಎರಡೇ ತುಂಡಾಗುವುದು, ಎರಡನೆಯದು ಐನೂರು ಕೋಟಿಯ ಆಚೆಯದ್ದು ಎಂದು ನನ್ನ ಗಂಡ ಅದನ್ನೂ ಓದಿ ಹೇಳಿದ್ದರು. ಟೀಚರ್ ಬೋರ್ಡಿಗೆ ಎಡಗಣ್ಣು ತಾಗಿಸಿ ಭಾಗಿಸುತ್ತಿದ್ದಾರೆ. ಹೇಳಿದರೆ ಕೊಟ್ಟ ಮಾತು ಮುರಿಯುತ್ತದೆ. ಹೇಳದಿದ್ದರೆ ಇವರು ಕಣ್ಣು ಇರುವಷ್ಟು ದಿನ ಬರಿಯ ಬಯಲಿನಲ್ಲಿ ನಡೆಯುತ್ತಾರೆ. ಹೋಗಿ ಮೆಟ್ಟಿಲಲ್ಲಿ ಕೂತೆ.

"ಅತ್ತೆ ಹೇಗಿದ್ದಾರೆ?" ಟೀಚರ್ ಕೇಳಿದರು.

"ಈಗ ಅಡ್ಡಿಲ್ಲ."

ಅವರು ಬರೆಯುವುದನ್ನು ನಿಲ್ಲಿಸಿದರು. ಚಾಕ್‌ಪೀಸನ್ನು ಇಟ್ಟು, ಗೋಡೆ ಹಿಡಿದುಕೊಂಡು ಬಂದು ನನ್ನ ಪಕ್ಕದಲ್ಲಿ ಕೂತರು.

"ನೀನು ಎಂಜಲು ತಿಂದಿದ್ದೀ ಅಂತ ನನಗೆ ವಿಷುವಿಗೇ ಗೊತ್ತಾಗಿದೆ ಮಾರಾಯ್ತಿ. ಆವತ್ತು ನಿನ್ನ ಚಪ್ಪಲಿಯ ಸದ್ದು ಸೀದಾ ಬೋರ್ಡಿನ ಎದುರು ಬಂದು ನಿಂತಿತು. ಆಮೇಲೆ ನಿನ್ನ ಸ್ವರ ಕುಣಿಯಲಿಕ್ಕೆ ಶುರುವಾಯಿತು. ಆಗ ನಾನು ಲೆಕ್ಕ ಹಾಕಿದೆ, ಒಂದು ಉಂಟು, ನನ್ನ ಎದುರಿಗೇ ಉಂಟು. ಆಟಿಯ ಮೊದಲ ಆದಿತ್ಯವಾರ ನೀನು ಗೇಟಿನಿಂದ ಹಾಡಿಕೊಂಡು ಹೋದೆ. ಆಗ ಅದು ತೀರಾ ಹತ್ತಿರ ಇದ್ದಿರಬೇಕು. ಇವತ್ತು ನಿನ್ನ ಸ್ವರ ಬಾವಿಗೆ ಬಿದ್ದಿದೆ." ನನ್ನ ಕಡೆಗೆ ಬಗ್ಗಿ ಕೇಳಿದರು, "ಹಿಂದೆ ಬಿಟ್ಟು ಬಂದೆನಾ?"

ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ.

ಟೀಚರ್ ಎರಡೂ ಕೈ ತಟ್ಟಿದರು. ಸಣ್ಣ ಮಕ್ಕಳು ತಟ್ಟುವ ಹಾಗೆ. "ಉಂಟು! ಇವರೇ, ಬನ್ನಿ ಇಲ್ಲಿ, ಉಂಟಂತೆ! ಹದಿನೇಳು ಒಡೀತದಂತೆ!"

ಹನ್ನೆರಡು ವರ್ಷದ ಲೆಕ್ಕ ಕೈತಪ್ಪಿತು ಎಂದು ನಾನು ಅಳುತ್ತಿದ್ದರೆ ಈ ಹೆಂಗಸಿಗೆ ಅದು ಇದೆ ಎಂಬುದರದ್ದೇ ಸಂಭ್ರಮ. ಅವರ ಮುಖ ನೋಡಿ ನನಗೆ ಅಳು ಮುಂದುವರಿಸಲು ನಾಚಿಕೆಯಾಯಿತು.

ಒಳಗಿನಿಂದ ಚಾ ಹಿಡಿದುಕೊಂಡು ಬಂದ ಡ್ರೈವರಣ್ಣ ಮಾತ್ರ ನಗಲಿಲ್ಲ. ಲೋಟ ಕೆಳಗಿಟ್ಟರು. "ಟೀಚರ್," ಎಂದರು, "ಪಕ್ಕದ ಮನೆಯ ಅಜ್ಜಿ ತೀರಿಹೋದದ್ದು ಆಟಿಯಲ್ಲಿ ಅಲ್ವಾ? ನೀವು ಬರೀತಾ ಇದ್ದಾಗಲೇ ಸುದ್ದಿ ಬಂತು. ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿದಿರಿ. ಸಾವಿನ ಮನೆಯಿಂದ ಬಂದು ಸ್ನಾನ ಮಾಡಿ ನಾನು ಚಾವಡಿಯನ್ನೆಲ್ಲ ತೊಳೆದೆ. ಮೈಲಿಗೆ ಅಂತ ಬೋರ್ಡನ್ನೂ ತೊಳೆದೆ. ಬೋರ್ಡಿನ ತುಂಬ ಅಂಕೆ ಇತ್ತು. ಆ ಲೆಕ್ಕ ಮುಗಿದಿರಬೇಕು ಅಂತ ಮರುದಿನ ನೆನಪಿದ್ದ ಸಂಖ್ಯೆಗೆ ಮೂವತ್ತನಾಲ್ಕು ಕೂಡಿಸಿ ಬರೆದೆ. ನಿಮ್ಮ ಹತ್ತಿರ ಕೇಳಲಿಲ್ಲ."

ಟೀಚರಿಗೆ ಕೋಪ ಬಂದರೆ ಕ್ಲಾಸಿನ ಕಿಟಕಿ ಅದುರುವುದನ್ನು ಕಂಡವಳು ನಾನು.

"ಕೂಡಿಸಿದ್ದು ಮೂವತ್ತನಾಲ್ಕೇ ತಾನೆ?" ಟೀಚರ್ ಕೇಳಿದರು.

"ಅದರಲ್ಲಿ ನಾನು ತಪ್ಪುವುದುಂಟಾ?"

"ಹಾಗಾದ್ರೆ ದಾರಿ ತಪ್ಪಲಿಲ್ಲ, ಒಂದು ಸ್ಟಾಪು ಬಿಟ್ಟುಹೋಯಿತು ಅಷ್ಟೆ. ಬಸ್ಸು ರಿವರ್ಸ್ ತೆಗೀರಿ. ಇಪ್ಪತ್ತು ಲಕ್ಷದ ಎಪ್ಪತ್ತು ಸಾವಿರದಿಂದ ಪುನಃ ಹಿಡಿಯುವ."

ಡ್ರೈವರಣ್ಣ ಮುಖ ಆಚೆ ತಿರುಗಿಸಿಕೊಂಡೇ ಹೋಗಿ ಬೋರ್ಡಿನ ಮೂಲೆ ಒರೆಸಿದರು.

ಹಿಂದೆ ಬರುವುದು ಹೇಳಿದಷ್ಟು ಸುಲಭವಾಗಲಿಲ್ಲ. ಅದರ ಮರುದಿನವೇ ಎಡಗಣ್ಣಿನೊಳಗೂ ರಕ್ತ ಇಳಿಯಿತು. ಬೆಳಕು ಮಾತ್ರ ಗೊತ್ತಾಗುತ್ತದೆ, ಅಂಕೆ ಕಾಣುವುದಿಲ್ಲ. ಇಂಜೆಕ್ಷನ್ ಕೊಟ್ಟ ಡಾಕ್ಟರು ಭರವಸೆ ಕೊಡಲಿಲ್ಲ. ಇನ್ನು ಮುಗಿಯಿತು ಎಂದುಕೊಂಡೆ ನಾನು. ಆದರೆ ಮಂಗಳೂರಿನಿಂದ ಬಂದವರು ಮರುಬೆಳಿಗ್ಗೆ ಬೋರ್ಡಿಗೆ ಎದುರಾಗಿ ಕುರ್ಚಿ ಹಾಕಿಸಿ ಕೂತರಂತೆ. ಟೀಚರ್ ಬಾಯಿಯಲ್ಲಿ ಹೇಳುವುದು, ಡ್ರೈವರಣ್ಣ ಬರೆಯುವುದು, ಬರೆದದ್ದನ್ನು ಗಟ್ಟಿಯಾಗಿ ಓದುವುದು. ಮೂವತ್ತನಾಲ್ಕು ಕೂಡಿಸುವುದಲ್ಲದೆ ಬೇರೇನೂ ಗೊತ್ತಿಲ್ಲದ ಮನುಷ್ಯ ಹದಿನೇಳು ಅಂಕೆಯ ಭಾಗಾಕಾರವನ್ನು ಸಾಲು ತಪ್ಪದೆ ಬರೆದರು. ಒಂದೊಂದು ಲೆಕ್ಕಕ್ಕೆ ಒಂದೊಂದು ಗಂಟೆ.

ಒಂದು ಗುರುವಾರ ಮಧ್ಯಾಹ್ನ ಶಾಪಿನಲ್ಲಿ ಜನ ತುಂಬಿರುವಾಗ ಫೋನ್ ಬಂತು. ಡ್ರೈವರಣ್ಣ. "ಟೀಚರ್ ಹೇಳ್ತಾರೆ, ನೀನು ಈಗಲೇ ಬರಬೇಕಂತೆ." ಅಷ್ಟೇ ಹೇಳಿ ಫೋನ್ ಇಟ್ಟರು. ಏನೋ ಆಗಿಹೋಯಿತು ಎಂದು ಶಟರ್ ಎಳೆದು, ಬಿಸಿಲಿನಲ್ಲಿ ಹೆಲ್ಮೆಟ್ ಕೂಡ ಹಾಕದೆ ಬೆಳ್ಳೂರಿಗೆ ಓಡಿದೆ.

ಟೀಚರ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಬೋರ್ಡಿನ ಮೂಲೆಯಲ್ಲಿ 20,71,723. ಅದರ ಕೆಳಗೆ ಮೇಲಿಂದ ಇಳಿದು ಬಂದ ಭಾಗಾಕಾರ, ಡ್ರೈವರಣ್ಣನ ದೊಡ್ಡ ದೊಡ್ಡ ವಕ್ರ ಅಂಕೆಗಳಲ್ಲಿ. ಹದಿನಾರು ಒಂದುಗಳು ಮುಗಿದಿದ್ದವು. ಕೊನೆಯ ಒಂದನ್ನು ಇಳಿಸದೆ ಬಿಟ್ಟಿದ್ದರು.

"ಕೊನೆಯದ್ದನ್ನು ನೀನು ಮಾಡು" ಎಂದರು.

ಬೋರ್ಡಿನಲ್ಲಿ ಉಳಿದಿದ್ದದ್ದು 1450206. ಅದರ ಪಕ್ಕದಲ್ಲಿ ಒಂದನ್ನು ಇಳಿಸಿದೆ. 14502061. ಎಷ್ಟು ಸಲ ಹೋಗುತ್ತದೆ? ಏಳು ಸಲ. ಏಳರ ಮಗ್ಗಿಯೇ ಮರೆತುಹೋಯಿತು, ಟೀಚರ್ ಹಿಂದಿನಿಂದ ಹೇಳಿಕೊಟ್ಟರು. ಏಳು ಮೂರಲಿ ಇಪ್ಪತ್ತೊಂದು. ಒಂದು ಬರೆದು ಎರಡು ದಶಕ. ಒಂದೊಂದೇ ಅಂಕೆ ಬರೆಯುತ್ತ ಬಂದೆ. ಮೇಲೆ ಒಂದು, ಕೆಳಗೆ ಒಂದು. ಮೇಲೆ ಆರು, ಕೆಳಗೆ ಆರು. ಮೇಲೆ ಸೊನ್ನೆ, ಕೆಳಗೆ ಸೊನ್ನೆ. ಎರಡಕ್ಕೆ ಎರಡು, ಸೊನ್ನೆಗೆ ಸೊನ್ನೆ, ಐದಕ್ಕೆ ಐದು, ಹದಿನಾಲ್ಕಕ್ಕೆ ಹದಿನಾಲ್ಕು.

"ಎಂತ ಉಳಿಯಿತು?" ಟೀಚರ್ ಕೇಳಿದರು.

"ಎಂತದೂ ಉಳಿಯಲಿಲ್ಲ ಟೀಚರ್."

ಉತ್ತರ ನನಗೆ ಐದು ತಿಂಗಳಿನಿಂದ ಗೊತ್ತಿತ್ತು. ಗೊತ್ತಿದ್ದೂ, ನನ್ನ ಕೈಯಿಂದಲೇ ಆ ಅಂಕೆಗಳು ಒಂದರ ಕೆಳಗೊಂದು ಬಂದು ಕೂತಾಗ ಮೊದಲ ಸಲ ಕಂಡ ಹಾಗಾಯಿತು. ನೂರ ಹನ್ನೊಂದು ಕೋಟಿ ಕೋಟಿಯಲ್ಲಿ ಒಂದೇ ಒಂದು ಉಳಿದಿದ್ದರೂ ಆಗುತ್ತಿರಲಿಲ್ಲ. ಉಳಿಯಲಿಲ್ಲ. ಫೋನಿನಲ್ಲಿ ಕೇಳಿದ್ದು ಸುದ್ದಿ, ಇಲ್ಲಿ ಕಂಡದ್ದು ದರ್ಶನ.

ಸ್ವಲ್ಪ ಹೊತ್ತಿನ ಮೇಲೆ ನನಗೆ ಬುದ್ಧಿ ಬಂತು. ಭಾಗಿಸಿ ಬಂದದ್ದು 536 ಕೋಟಿ 32 ಲಕ್ಷ 22 ಸಾವಿರದ 357. "ಟೀಚರ್, ಈ ಎರಡನೇ ತುಂಡು ಇನ್ನೂ ಒಡೆಯುತ್ತದಾ? ಅದನ್ನೂ ಮೊದಲಿನಿಂದ ನೋಡಬೇಕಾ?" ಎಂದು ಕೇಳಿದೆ. ಇನ್ನು ಒಡೆಯುವುದಿಲ್ಲ ಎಂದು ನನ್ನ ಗಂಡ ಫೋನ್ ನೋಡಿ ಹೇಳಿದ್ದನ್ನು ನಾನು ಬಾಯಿಬಿಡಲಿಲ್ಲ, ಫೋನಿಲ್ಲದೆ ಟೀಚರ್ ಅದನ್ನು ಹೇಗೆ ತಿಳಿಯುತ್ತಾರೆ ಎಂದು ಕೇಳಬೇಕಿತ್ತು ನನಗೆ.

ಟೀಚರ್ ನಕ್ಕರು. ಅಷ್ಟು ಚಂದದ ನಗೆಯನ್ನು ಆಮೇಲೆ ನಾನು ಯಾರ ಮುಖದಲ್ಲೂ ಕಾಣಲಿಲ್ಲ.

"ಅದು ಒಡೆಯುವುದಾದರೆ ಒಂದು ತುಂಡು ಎಪ್ಪತ್ನಾಲ್ಕು ಸಾವಿರದ ಒಳಗೆ ಇರಲೇಬೇಕು. ಎರಡೂ ಅದಕ್ಕಿಂತ ದೊಡ್ಡದಾದರೆ ಗುಣಿಸುವಾಗ ಮೀರಿ ಹೋಗ್ತದೆ. ಆ ಸಣ್ಣ ತುಂಡು ಇದನ್ನು ಭಾಗಿಸಿದರೆ ಹದಿನೇಳು ಒಂದುಗಳನ್ನೂ ಭಾಗಿಸಬೇಕಲ್ವಾ? ಎಪ್ಪತ್ನಾಲ್ಕು ಸಾವಿರದವರೆಗೆ ಎಲ್ಲವನ್ನೂ ನಾನು ಮೊದಲನೇ ವರ್ಷವೇ ನೋಡಿ ಇದಲ್ಲ, ಇದಲ್ಲ ಅಂತ ಹೇಳಿ ಆಗಿದೆ. ಹಾಗಾಗಿ ಇದು ಒಡೆಯುವುದಿಲ್ಲ. ಯಾವ ಕಾಲಕ್ಕೂ ಒಡೆಯುವುದಿಲ್ಲ." ಕುರ್ಚಿಯಿಂದ ಗಂಡನಿದ್ದ ಕಡೆಗೆ ತಿರುಗಿದರು. "ದಂಡ ಅಂತಿದ್ದಿರಲ್ಲ ನೀವು? ಆವತ್ತು ಸೋತ ಲೆಕ್ಕವೆಲ್ಲ ಇವತ್ತು ಬಂದು ಸಾಕ್ಷಿ ಹೇಳಿದವು ನೋಡಿ."

ಡ್ರೈವರಣ್ಣ ಬೋರ್ಡ್ ಒರೆಸಲು ಒಪ್ಪಲಿಲ್ಲ. ಟೀಚರೇ ಎದ್ದು, ತಡಕಾಡಿಕೊಂಡು ಹೋಗಿ ಒರೆಸಿದರು.

ಪೇಪರಿನವರಿಗೆ ಹೇಳುವ ಎಂದದ್ದಕ್ಕೆ, "ಎಂತ ಹೇಳುವುದು? ಲೋಕಕ್ಕೆಲ್ಲ ಗೊತ್ತಿದ್ದದ್ದು ನನಗೆ ಈಗ ಗೊತ್ತಾಯಿತು ಅಂತಲಾ?" ಎಂದು ಬಾಯಿ ಮುಚ್ಚಿಸಿದರು. ಆಮೇಲೆ ಅವರಿಗೆ ಬೆಳಕೂ ಕಾಣದಾಯಿತು, ಮೂತ್ರಪಿಂಡವೂ ಕೈಕೊಟ್ಟಿತು. ಕಡೆಯ ತಿಂಗಳುಗಳಲ್ಲಿ ಕತ್ತಲೆಯಲ್ಲಿ ಬೇಸರ ಬರುವುದಿಲ್ಲವಾ ಟೀಚರ್ ಎಂದು ಕೇಳಿದ್ದೆ. ಅಂಕೆಗಳೆಲ್ಲ ಸರಿಯಾಗಿ ಕಾಣುತ್ತಿವೆ ಎಂದರು. ಮುಂದಿನ ವಿಷುವಿಗೆ ಅವರು ಇರಲಿಲ್ಲ.

ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಹಳೆಯ ವಿದ್ಯಾರ್ಥಿಗಳು ಬಹಳ ಮಂದಿ ಬಂದಿದ್ದರು. ಎಲ್ಲರೂ ಹೋದ ಮೇಲೆ ಡ್ರೈವರಣ್ಣ ನನ್ನನ್ನು ನಿಲ್ಲಿಸಿ, "ಬೆಳಿಗ್ಗೆ ಗಂಜಿ ಕುಡಿದ ಮೇಲೆ ಎಂತ ಮಾಡುವುದೂಂತ ಗೊತ್ತಾಗುವುದಿಲ್ಲ" ಎಂದರು. ಮತ್ತೆ ನೆಲ ನೋಡಿಕೊಂಡು, "ಹತ್ತೊಂಬತ್ತು ಒಂದುಗಳಿಗೆ ಮೂವತ್ತೆಂಟು ಕೂಡಿಸ್ತಾ ಹೋಗಬೇಕು ಅಂತ ಟೀಚರ್ ಹೇಳಿದ್ದರು. ಕೂಡಿಸುವುದು ನನಗೆ ಬರ್ತದೆ. ಭಾಗಿಸಲಿಕ್ಕೆ ಜನ ಇಲ್ಲ" ಎಂದರು.

ಹತ್ತೊಂಬತ್ತು ಒಡೆಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವುದೂ ಇಲ್ಲ. ಈ ವಿಷಯಕ್ಕೆ ಫೋನ್ ಮುಟ್ಟಿದರೆ ಮನೆಯಲ್ಲಿ ಗಂಜಿ ಇಲ್ಲ ಎಂದು ನನ್ನ ಗಂಡನಿಗೆ ಹೇಳಿಟ್ಟಿದ್ದೇನೆ. ಬೆಳ್ಳೂರಿಗೆ ಕೊಂಡುಹೋಗಲು ಈಗ ಇನ್ಸುಲಿನ್ ಇಲ್ಲ. ಆದರೂ ಆದಿತ್ಯವಾರ ಹೋಗುತ್ತೇನೆ. ಡ್ರೈವರಣ್ಣ ಮೂವತ್ತೆಂಟು ಕೂಡಿಸುತ್ತಾರೆ, ನಾನು ಭಾಗಿಸುತ್ತೇನೆ.